ಗಟ್ಟಿಮುಟ್ಟಾಗಿ ತೊಂಬತ್ತು ದಾಟೋದು ಹೇಗೆ? ನಮ್ಮ ದಾವಣಗೆರೆ ಗುಂಪಿನಲ್ಲಿ ಡಾಕ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಈ ಭಾನುವಾರದ ಪ್ರಶ್ನೋತ್ತರಕ್ಕೆ ಪಿ.ಜೆ. ಬಡಾವಣೆಯಲ್ಲಿ ಕ್ಲಿನಿಕ್ ಇಟ್ಟಿರುವ ನಮ್ಮ ಗುಂಪಿನ ಫಿಜಿಷಿಯನ್ ಸಿಕ್ಕಿದ್ದಾರೆ. ವಿಷಯ: ಹೆಚ್ಚು ಕಾಲ ಆರೋಗ್ಯವಾಗಿ ಬದುಕುವವರ ಅಭ್ಯಾಸ, ಸ್ವಭಾವ. ಒಬ್ಬರಿಗೆ ಒಂದು ಪ್ರಶ್ನೆ. ರಿಪೋರ್ಟ್ ಫೋಟೋ ಬೇಡ. ರಾಜಕೀಯ ಬೇಡವೇ ಬೇಡ.

ಡಾಕ್ಟರ್: ನಮಸ್ಕಾರ. ಸಂಜೆ ತನಕ ನಡುನಡುವೆ ಬಂದು ಉತ್ತರಿಸುತ್ತೇನೆ. ನೋಡದೆ ಹೇಳಬಹುದಾದಷ್ಟನ್ನು ಮಾತ್ರ ಹೇಳುತ್ತೇನೆ.

ಕುಂದವಾಡ ವಾಕರ್: ಸರ್, ವಯಸ್ಸು 66. ದಿನಾ ಬೆಳಿಗ್ಗೆ ಕುಂದವಾಡ ಕೆರೆ ಹತ್ತಿರ ವಾಕಿಂಗ್. ವಾಚ್‌ನಲ್ಲಿ 7,000 ಹೆಜ್ಜೆ ದಾಟೋದೇ ಇಲ್ಲ. ಮಗ 10,000 ಆಗಲೇಬೇಕು ಅಂತಾನೆ.

ಡಾಕ್ಟರ್: ಆ 10,000 ಯಾವ ಡಾಕ್ಟರೂ ಕೊಟ್ಟ ಲೆಕ್ಕ ಅಲ್ಲ. 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಸಾಧನ ಮಾರಲು ಬಳಸಿದ ಸಂಖ್ಯೆ ಅದು. 60 ದಾಟಿದವರಿಗೆ 6,000ದಿಂದ 8,000 ಹೆಜ್ಜೆಯೊಳಗೆ ಸಿಗಬೇಕಾದ ಲಾಭ ಬಹುಪಾಲು ಸಿಕ್ಕಿರುತ್ತದೆ ಅಂತ ಈಚಿನ ಅಧ್ಯಯನಗಳು ಹೇಳುತ್ತವೆ. ನಿಮ್ಮ 7,000 ಸಾಕು. ಆದರೆ ಹರಟೆ ಹೊಡೆಯುತ್ತಾ ತೆವಳಬೇಡಿ, ಸ್ವಲ್ಪ ಏದುಸಿರು ಬರಲಿ. ವಾಕಿಂಗ್ ಮುಗಿಸಿ ನೇರ ದೋಸೆ ಹೋಟೆಲಿಗೆ ಹೋಗುವವರು ನಿಮ್ಮ ತಂಡದಲ್ಲಿ ಯಾರ್ಯಾರು ಅಂತಲೂ ಗೊತ್ತು ನನಗೆ.

ಬೆಣ್ಣೆ ದೋಸೆ ಭಕ್ತ: ಅದನ್ನೇ ಕೇಳಬೇಕು ಅಂತಿದ್ದೆ ಸರ್. ತಿನ್ನಬಹುದಾ?

ಡಾಕ್ಟರ್: ತಿನ್ನಿ. ದಿನಾ ಬೇಡ.

ಹೊಂಡದ ಸರ್ಕಲ್: ನಮ್ಮ ಅಜ್ಜ ಕಾಟನ್ ಮಿಲ್ಲಿನಲ್ಲಿ ದುಡಿದವರು. ದಿನಕ್ಕೆ ಒಂದು ಕಟ್ಟು ಬೀಡಿ ಸೇದಿಯೂ 94 ಬದುಕಿದರು. ಎಲ್ಲ ವಂಶದಲ್ಲಿ ಬಂದದ್ದು ಅಲ್ವಾ ಸರ್? ನಾವು ಏನು ಮಾಡಿದರೂ ಅಷ್ಟೇ.

ಡಾಕ್ಟರ್: ಅಜ್ಜನ ಜೊತೆ ಅದೇ ಗೇಟಿನ ಹೊರಗೆ ಕೂತು ಬೀಡಿ ಸೇದಿದವರು ಎಷ್ಟು ಜನ ಇದ್ದರು? ಅವರು 58ಕ್ಕೇ ಹೋದರು ಅಂತ ಈ ಗುಂಪಿಗೆ ಬಂದು ಯಾರು ಹೇಳುತ್ತಾರೆ? ಇಂಗ್ಲೆಂಡಿನಲ್ಲಿ 1951ರಿಂದ 50 ವರ್ಷ ಸಾವಿರಾರು ಡಾಕ್ಟರುಗಳನ್ನೇ ಹಿಂಬಾಲಿಸಿ ಲೆಕ್ಕ ಹಾಕಿದರು. ಸೇದುವವರು ಸರಾಸರಿ 10 ವರ್ಷ ಮೊದಲೇ ಸತ್ತರು. 60ಕ್ಕೆ ಬಿಟ್ಟವರಿಗೂ ಸುಮಾರು 3 ವರ್ಷ ವಾಪಸ್ ಬಂತು, 50ಕ್ಕೆ ಬಿಟ್ಟವರಿಗೆ 6. ವಂಶದ ಪಾಲು ಇದೆ, ಇಲ್ಲ ಅನ್ನಲ್ಲ. ಡೆನ್ಮಾರ್ಕಿನ ಅವಳಿಗಳ ಅಧ್ಯಯನದಲ್ಲಿ ಅದು ನಾಲ್ಕನೇ ಒಂದು ಪಾಲು ಅಂತ ಬಂತು. ಉಳಿದ ಮುಕ್ಕಾಲು ಅಜ್ಜನ ಖಾತೆಯಲ್ಲಿಲ್ಲ. ನೀವು ಸೇದುತ್ತೀರಾ?

ಹೊಂಡದ ಸರ್ಕಲ್: ಯಾವಾಗಾದರೂ ಒಮ್ಮೆ ಸರ್.

ಡಾಕ್ಟರ್: ಎಲ್ಲರೂ ಹೀಗೇ ಹೇಳೋದು.

ನಿವೃತ್ತ ಮೇಷ್ಟ್ರು, ವಿದ್ಯಾನಗರ: ಅಭ್ಯಾಸದ ಮಾತಾಯಿತು. ಸ್ವಭಾವದ ಬಗ್ಗೆ ಹೇಳಿ ಡಾಕ್ಟರೇ. ನಗುನಗುತ್ತಾ ಇದ್ದವರು ಹೆಚ್ಚು ಕಾಲ ಬದುಕುತ್ತಾರೆ ಅನ್ನುತ್ತಾರೆ. ನಾನು ಸ್ವಲ್ಪ ಸಿಡುಕ.

ಡಾಕ್ಟರ್: ಒಳ್ಳೆಯ ಪ್ರಶ್ನೆ. ಕ್ಯಾಲಿಫೋರ್ನಿಯಾದಲ್ಲಿ 1921ರಲ್ಲಿ ಸುಮಾರು 1,500 ಬುದ್ಧಿವಂತ ಮಕ್ಕಳನ್ನು ಆರಿಸಿ, ಅವರ ಜೀವನ ಪೂರ್ತಿ ದಾಖಲೆ ಇಟ್ಟರು. ಯಾರು ಹೆಚ್ಚು ಬದುಕಿದರು ಅಂತ ಆಮೇಲೆ ನೋಡಿದರೆ ನಗುಮುಖದ ಮಕ್ಕಳಲ್ಲ. ಶಿಸ್ತಿನವರು, ಹಿಡಿದ ಕೆಲಸ ಮುಗಿಸುವವರು, ಮುಂದಿನದು ಯೋಚಿಸುವವರು. ಸದಾ ಖುಷಿಯಾಗಿದ್ದ ಮಕ್ಕಳು ಹೆಚ್ಚು ಬದುಕಲಿಲ್ಲ, ಕಡಿಮೆಯೇ. 'ಏನೂ ಆಗಲ್ಲ ಬಿಡು' ಅನ್ನುವವರು ಹೆಚ್ಚು ಅಪಾಯಕ್ಕೆ ಕೈ ಹಾಕುತ್ತಾರೆ ಅನ್ನೋದು ಒಂದು ವಿವರಣೆ. ನನ್ನ ಕ್ಲಿನಿಕ್ಕಿನಲ್ಲೂ ಅಷ್ಟೇ. ಬಿಪಿ ಮಾತ್ರೆ ಮುಗಿಯುವ ನಾಲ್ಕು ದಿನ ಮೊದಲೇ ಚೀಟಿ ಹಿಡಿದು ಬರುವ ಸಿಡುಕು ಮೇಷ್ಟ್ರು ಚೆನ್ನಾಗಿರುತ್ತಾರೆ. ಬಾಗಿಲಲ್ಲೇ ಜೋಕ್ ಹೊಡೆದು, ಮಾತ್ರೆ ಬಿಟ್ಟು ಆರು ತಿಂಗಳಾಯಿತು ಅನ್ನುವವರ ಬಗ್ಗೆ ನನಗೆ ಭಯ. ಆದರೆ ಸಿಟ್ಟಿನಲ್ಲಿ ಎಲ್ಲರನ್ನೂ ದೂರ ಮಾಡಿಕೊಂಡು ಒಬ್ಬರೇ ಉಳಿದರೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಸೊಸೆ, ಹೆಸರು ಬೇಡ: ನಮ್ಮ ಮಾವನವರಿಗೆ ಸಿಡುಕೂ ಇದೆ, ಮಾತ್ರೆಯನ್ನೂ ನುಂಗಲ್ಲ. 😄

ಆರೋಗ್ಯವೇ ಭಾಗ್ಯ: 🙏 *ಫಾರ್ವರ್ಡ್ ಮಾಡಲಾಗಿದೆ* 🙏 ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ ಸೋರೆಕಾಯಿ ಜ್ಯೂಸ್. 21 ದಿನದಲ್ಲಿ ಹಾರ್ಟ್ ಬ್ಲಾಕ್ ಮಾಯ. ಡಾಕ್ಟರುಗಳು ನಿಮಗೆ ಇದನ್ನು ಹೇಳಲ್ಲ. 10 ಜನರಿಗೆ ಕಳಿಸಿ.

ಡಾಕ್ಟರ್: ಹೇಳಲ್ಲ, ಯಾಕೆಂದರೆ ಸುಳ್ಳು. ಬ್ಲಾಕ್ ಜ್ಯೂಸಿನಿಂದ ಕರಗಲ್ಲ. ಸೋರೆಕಾಯಿ ಕಹಿ ಇದ್ದರೆ ಅದು ವಿಷ. ವಾಂತಿ, ಭೇದಿ, ರಕ್ತ ವಾಂತಿ ಆಗಿ ಬಿಪಿ ಪಾತಾಳಕ್ಕೆ ಇಳಿಯುತ್ತದೆ. ನಮ್ಮ ದೇಶದಲ್ಲೇ ಇದನ್ನು ಕುಡಿದು ಸತ್ತವರಿದ್ದಾರೆ. ಕಹಿ ಅನ್ನಿಸಿದರೆ ಒಂದು ಗುಟುಕೂ ನುಂಗದೆ ಉಗಿಯಿರಿ. ಪಲ್ಯ, ಸಾರು ಮಾಡುವಾಗಲೂ ಒಂದು ಚೂರು ರುಚಿ ನೋಡಿಯೇ ಹೆಚ್ಚಿ.

ಆರೋಗ್ಯವೇ ಭಾಗ್ಯ: ಕಹಿ ಇದ್ದಷ್ಟೂ ಔಷಧಿ ಗುಣ ಜಾಸ್ತಿ ಅಂತಾರಲ್ಲ ಸರ್, ಬೇವು ಇಲ್ವಾ?

ಡಾಕ್ಟರ್: ಮೇಲೆ ಬರೆದದ್ದನ್ನು ಇನ್ನೊಮ್ಮೆ ಓದಿ.

ಎಂಸಿಸಿ ಬ್ಲಾಕ್: ಸರ್, ಬೆಣ್ಣೆ ದೋಸೆ ವಾರಕ್ಕೆ ಎಷ್ಟು ತಿನ್ನಬಹುದು?

ಡಾಕ್ಟರ್: ಮೇಲಿದೆ.

ಹರಿಹರದ ಮಗಳು: ನಮಸ್ತೆ ಸರ್. ಅಮ್ಮನಿಗೆ 76. ದಾವಣಗೆರೆಯಲ್ಲಿ ಅಣ್ಣನ ಮನೆಯಲ್ಲಿದ್ದಾರೆ. ಎರಡು ತಿಂಗಳಿಂದ ದಿನಕ್ಕೆ ಒಂದೇ ಊಟ, ಅದೂ 11 ಗಂಟೆಗೆ. ಜಪಾನಿನವರು ಹೀಗೆ ಉಂಡೇ ನೂರು ವರ್ಷ ಬದುಕೋದು, ಇದಕ್ಕೆ ನೊಬೆಲ್ ಬಂದಿದೆ ಅಂತ ಯಾರೋ ಕಳಿಸಿದ ವಿಡಿಯೋ ನೋಡಿದರು. ತೂಕ 58ರಿಂದ 51 ಆಗಿದೆ. ಅವರಿಗೆ ಖುಷಿ. ಆದರೆ ಈಚೆಗೆ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಏನೇನೋ ಮಾತಾಡುತ್ತಾರೆ. ಮೊಮ್ಮಗನನ್ನು ತೀರಿಹೋದ ಮಾವನ ಹೆಸರಿನಿಂದ ಕರೆಯುತ್ತಾರೆ. ರವಿಕೆ ಪೂರ್ತಿ ಬೆವರಿನಿಂದ ಒದ್ದೆ. ಸಕ್ಕರೆ ಹಾಕಿದ ಚಹಾ ಕುಡಿದ ಮೇಲೆ ಸರಿಹೋಗುತ್ತಾರೆ. ಅಣ್ಣ ಅರಳುಮರಳು ಅಂತಾನೆ. ಶುಗರ್ ಇದೆ, ಮಾತ್ರೆ ತಗೊಳ್ತಾರೆ.

ಡಾಕ್ಟರ್: ಯಾವ ಮಾತ್ರೆ? ಈಗಲೇ ಹೇಳಿ.

ಹರಿಹರದ ಮಗಳು: ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ 2 ಎಂಜಿ. ಎರಡೂ ಬಿಡದೆ ತಗೊಳ್ತಾರೆ ಸರ್. ಅದರಲ್ಲಿ ಶಿಸ್ತು.

ಡಾಕ್ಟರ್: ತಾಯಿ, ಇದು ಅರಳುಮರಳು ಇರಲಾರದು. ಶುಗರ್ ಇಳಿಯುತ್ತಿದೆ ಅನ್ನೋದೇ ನನ್ನ ಮೊದಲ ಅನುಮಾನ. ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯನ್ನು ಹಿಂಡಿ ಇನ್ಸುಲಿನ್ ಬಿಡಿಸುವ ಮಾತ್ರೆ. ನೀವು ಉಂಡಿದ್ದೀರೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. 11ಕ್ಕೆ ಉಂಡು ಮರುದಿನ 11ರ ತನಕ ಉಪವಾಸ ಇದ್ದರೆ ಅದು ಖಾಲಿ ಹೊಟ್ಟೆಯ ಮೇಲೆ ಕೆಲಸ ಮಾಡುತ್ತಾ ಹೋಗುತ್ತದೆ. ಈ ವಯಸ್ಸಿನಲ್ಲಿ ಕಿಡ್ನಿ ಸ್ವಲ್ಪ ನಿಧಾನ ಆಗಿದ್ದರೆ ಮಾತ್ರೆ ಮೈಯಲ್ಲಿ ಇನ್ನೂ ಹೆಚ್ಚು ಹೊತ್ತು ಉಳಿಯುತ್ತದೆ. ಬೆವರು, ಗೊಂದಲ, ಸಿಹಿ ಕುಡಿದ ಕೂಡಲೇ ಸರಿಹೋಗೋದು, ಇವು ಒಟ್ಟಿಗೆ ಬಂದರೆ ಬೇರೆ ಕಾರಣ ಹುಡುಕುವ ಮೊದಲು ಶುಗರ್ ನೋಡಬೇಕು. ಹೀಗೇ ಬಿಟ್ಟರೆ ಬಚ್ಚಲಿಗೆ ಹೋಗುವಾಗ ಬಿದ್ದು ತೊಡೆ ಮೂಳೆ ಮುರಿಯಬಹುದು. ಇಲ್ಲವೇ ಒಂದು ದಿನ ಬೆಳಿಗ್ಗೆ ಏಳದೇ ಇರಬಹುದು.

ಈಗ ಮಾಡಬೇಕಾದದ್ದು. ಇವತ್ತಿನಿಂದ ಮೂರು ಹೊತ್ತು ಊಟ. ಊಟ ಇಲ್ಲದೆ ಗ್ಲಿಮೆಪಿರೈಡ್ ಕೊಡಲೇಬೇಡಿ. ಮಾತ್ರೆ ಬರೆದ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ ಇಷ್ಟನ್ನೂ ಹೇಳಿ. ಡೋಸ್ ಇಳಿಸೋದೋ, ಮಾತ್ರೆ ಬದಲಿಸೋದೋ ಅವರು ನಿರ್ಧರಿಸಲಿ, ಕಿಡ್ನಿಯ ರಕ್ತ ಪರೀಕ್ಷೆ ಕ್ರಿಯಾಟಿನಿನ್ ಕೂಡ ನೋಡಲಿ. ಮನೆಗೆ ಗ್ಲುಕೋಮೀಟರ್ ತರಿಸಿ. ಗೊಂದಲ ಕಂಡ ಕ್ಷಣ ಬೆರಳು ಚುಚ್ಚಿ ನೋಡಿ. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ಪರೀಕ್ಷೆ ಮಾಡಿ. ಸರಿಹೋದರು ಅಂತ ಮಲಗಿಸಿ ಬಿಡಬೇಡಿ. ಏನಾದರೂ ಉಣ್ಣಿಸಿ, ಪಕ್ಕದಲ್ಲಿರಿ. ಈ ಮಾತ್ರೆಯಲ್ಲಿ ಶುಗರ್ ಮತ್ತೆ ಬೀಳುತ್ತದೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಕರೆ ಮಾಡಿ.

ಇನ್ನು ಆ ವಿಡಿಯೋ. ಜಪಾನಿನ ಒಕಿನಾವಾ ಹಿರಿಯರದು ಹೊಟ್ಟೆ ನೂರಕ್ಕೆ ಎಂಬತ್ತರಷ್ಟು ತುಂಬುವಾಗಲೇ ಎದ್ದೇಳುವ ಪದ್ಧತಿ. ಒಂದೇ ಹೊತ್ತು ಉಣ್ಣಿ ಅಂತ ಅದರಲ್ಲಿ ಎಲ್ಲೂ ಇಲ್ಲ. 2016ರ ನೊಬೆಲ್ ಬಂದದ್ದು ಯೊಶಿನೊರಿ ಓಸುಮಿ ಅವರಿಗೆ. ಜೀವಕೋಶ ತನ್ನ ಹಳೆಯ ಭಾಗಗಳನ್ನು ಹೇಗೆ ತಾನೇ ಕರಗಿಸಿಕೊಳ್ಳುತ್ತದೆ ಅಂತ ಯೀಸ್ಟ್‌ನಲ್ಲಿ ತೋರಿಸಿದ್ದಕ್ಕೆ. ಶುಗರ್ ಮಾತ್ರೆ ನುಂಗುವ 76ರ ಹೆಂಗಸರಿಗೆ ಅವರು ಊಟ ಬಿಡಿ ಅಂದಿಲ್ಲ. ಅಮ್ಮನ ಮೈಯಿಂದ ಹೋದ 7 ಕೆಜಿಯಲ್ಲಿ ಬೊಜ್ಜಿನ ಜೊತೆ ತೊಡೆಯ ಸ್ನಾಯುವೂ ಹೋಗಿರುತ್ತದೆ. ಈ ವಯಸ್ಸಿನಲ್ಲಿ ಸ್ನಾಯು ಕಳೆದುಕೊಳ್ಳೋದು ಸುಲಭ, ಮತ್ತೆ ಕೂಡಿಸೋದು ಕಷ್ಟ. ಕೈ ಊರದೆ ಕುರ್ಚಿಯಿಂದ ಏಳುತ್ತಾರಾ ನೋಡಿ. ರೊಟ್ಟಿ ಜೊತೆ ಕಾಳು ಪಲ್ಯ, ಮೊಸರು, ತಿನ್ನುವವರಾದರೆ ಮೊಟ್ಟೆ ಕೊಡಿ.

ಪ್ರಕೃತಿ ಪಥ: ಉಪವಾಸ ನಮ್ಮ ಪರಂಪರೆ. ಏಕಾದಶಿ ಮಾಡಿದ ಹಿರಿಯರು ಗಟ್ಟಿಯಾಗೇ ಇದ್ದರು. ಎಲ್ಲದಕ್ಕೂ ಹೆದರಿಸಿ ಮಾತ್ರೆ ಮಾರೋದು ಅಲೋಪತಿ ದಂಧೆ.

ಡಾಕ್ಟರ್: ಆರೋಗ್ಯವಾಗಿರುವವರು ಏಕಾದಶಿ ಮಾಡಲಿ, ಬೇಡ ಅಂದವರು ಯಾರು? ನಾನು ಇಲ್ಲಿ ಮಾತ್ರೆ ಕಡಿಮೆ ಮಾಡಿಸಿ ಅಂತ ಬರೆದಿದ್ದೇನೆ. ಓದದೆ ಜಗಳಕ್ಕೆ ಬರಬೇಡಿ.

ಪ್ರಕೃತಿ ಪಥ: ಕಂಪನಿ ಕಮಿಷನ್ ಬಗ್ಗೆ ಮಾತಾಡಿ ಮೊದಲು.

ಕುಂದವಾಡ ವಾಕರ್: ಆ ಹೆಣ್ಣುಮಗಳ ತಾಯಿ ಜೀವದ ಪ್ರಶ್ನೆ ಇದು. ಸುಮ್ನಿರಿ ಸ್ವಾಮಿ.

ನಿವೃತ್ತ ಡ್ರೈವರ್: ಸರ್, ಮೂವತ್ತು ವರ್ಷ ಬಸ್ಸಿನ ಸೀಟಿನಲ್ಲೇ ಕಳೆದೆ. 62 ಈಗ. ಇನ್ನು ಶುರು ಮಾಡಿದರೆ ಉಪಯೋಗ ಇದೆಯಾ?

ಡಾಕ್ಟರ್: ಇದೆ. ಲಂಡನ್ನಿನ ಡಬಲ್ ಡೆಕರ್ ಬಸ್ಸುಗಳಲ್ಲಿ ಕೂತೇ ಇರುವ ಡ್ರೈವರುಗಳಿಗೆ ಹೃದಯದ ಕಾಯಿಲೆ ಜಾಸ್ತಿ, ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ ಕಡಿಮೆ ಅಂತ 1953ರಲ್ಲೇ ಬಂತು. ಹಾಗಂತ ನಿಮ್ಮ ಕಾಲ ಮುಗಿದಿಲ್ಲ. 1990ರಲ್ಲಿ ಅಮೆರಿಕದ ವೃದ್ಧಾಶ್ರಮವೊಂದರಲ್ಲಿ 90ರ ಆಸುಪಾಸಿನವರಿಂದ 8 ವಾರ ತೂಕ ಎತ್ತಿಸಿದರು. ಕಾಲಿನ ಶಕ್ತಿ ದುಪ್ಪಟ್ಟಿಗೂ ಮೀರಿ ಹೆಚ್ಚಿತು. ನೀವು 62. ಮೊದಲು ಬಿಪಿ ನೋಡಿಸಿ, ಆಮೇಲೆ ಶುರು ಮಾಡಿ.

ಒಂಟಿ, ನಿಟ್ಟುವಳ್ಳಿ: ಡಾಕ್ಟರೇ, ಹೆಂಡತಿ ಹೋಗಿ ಒಂದೂವರೆ ವರ್ಷ. ಮಕ್ಕಳು ಬೆಂಗಳೂರಿನಲ್ಲಿ. ರಾತ್ರಿ ಒಬ್ಬನಿಗೆ ಯಾರು ಒಲೆ ಹಚ್ಚೋದು ಅಂತ ಖಾರ ಮಂಡಕ್ಕಿ ತಿಂದು ಮಲಗುತ್ತೇನೆ. ಇದರಿಂದ ಆಯಸ್ಸು ಕಡಿಮೆ ಆಗುತ್ತಾ?

ಬೆಣ್ಣೆ ದೋಸೆ ಭಕ್ತ: ಮಂಡಕ್ಕಿ ಹಗುರ, ಏನೂ ಆಗಲ್ಲ.

ಸೊಸೆ, ಹೆಸರು ಬೇಡ: ಏನು ಹಗುರ? ಉಪ್ಪು, ಎಣ್ಣೆ, ಮೇಲೆ ಮಿರ್ಚಿ. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ ಇರಬೇಕು.

ಬೆಣ್ಣೆ ದೋಸೆ ಭಕ್ತ: ಮಿರ್ಚಿ ಅಂತ ಅವರು ಎಲ್ಲಿ ಹೇಳಿದರು?

ಚನ್ನಗಿರಿ ತೋಟ: ಎಲೆ ಅಡಿಕೆ ಜೀರ್ಣಕ್ಕೆ ಒಳ್ಳೆಯದು, ಅದೂ ದೀರ್ಘಾಯುಷ್ಯದ ಗುಟ್ಟೇ. ತಂಬಾಕು ಇಲ್ಲದೆ ಹಾಕಿದರೆ ಏನೂ ತೊಂದರೆ ಇಲ್ಲ ಅಂತ ಡಾಕ್ಟರ್ ಸ್ವಲ್ಪ ಸ್ಪಷ್ಟಪಡಿಸಲಿ.

ಡಾಕ್ಟರ್: ಸ್ಪಷ್ಟಪಡಿಸುತ್ತೇನೆ. ತೊಂದರೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ತಂಬಾಕು ಇಲ್ಲದೆಯೂ. ದಿನಾ ಜಗಿಯುವವರು ಕನ್ನಡಿ ಮುಂದೆ ನಿಂತು, ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ನೆಟ್ಟಗೆ ಬಾಯಿಯೊಳಗೆ ಇಡಿ. ಹೋಗದಿದ್ದರೆ, ಖಾರ ತಿಂದರೆ ಉರಿಯುತ್ತಿದ್ದರೆ, ಕೆನ್ನೆಯ ಒಳಗೆ ಬಿಳಚಿಕೊಂಡಿದ್ದರೆ ನಾಳೆಯೇ ದಂತ ವೈದ್ಯರ ಹತ್ತಿರ ಹೋಗಿ. ಊರ ತುಂಬ ದಂತ ಕಾಲೇಜುಗಳಿವೆ.

ಚನ್ನಗಿರಿ ತೋಟ: ಇಡೀ ತಾಲ್ಲೂಕು ಇದರ ಮೇಲೆ ಬದುಕಿದೆ. ಕೂತಲ್ಲೇ ಬೆಳೆಗಾರರ ಹೊಟ್ಟೆ ಮೇಲೆ ಹೊಡೆಯಬೇಡಿ. ಗುಟ್ಕಾ ಕಂಪನಿಯವರನ್ನು ಕೇಳಿ.

ಎಂಸಿಸಿ ಬ್ಲಾಕ್: ಗುಟ್ಕಾ ಒಳಗೆ ಇರೋದು ಯಾರ ತೋಟದ ಅಡಿಕೆ?

ಚನ್ನಗಿರಿ ತೋಟ: ನಿಮ್ಮ ಮನೆ ಮದುವೆಗೆ ತಾಂಬೂಲ ಕೊಡಲ್ವಾ? ಚಾಕೊಲೇಟ್ ಹಂಚ್ತೀರಾ?

ನಿವೃತ್ತ ಮೇಷ್ಟ್ರು, ವಿದ್ಯಾನಗರ: ಬೆಳೆಯುವುದು ಬೇರೆ, ದಿನವಿಡೀ ಜಗಿಯುವುದು ಬೇರೆ. ಇಬ್ಬರೂ ತಣ್ಣಗಾಗಿ.

ಚನ್ನಗಿರಿ ತೋಟ: ನಿಮಗೆ ಪೆನ್ಶನ್ ಬರುತ್ತೆ ಮೇಷ್ಟ್ರೇ.

ಕೆಟಿಜೆ ನಗರ: ಇದೆಲ್ಲ ಬಿಡಿ. ಶಾಮನೂರು ಶಿವಶಂಕರಪ್ಪನವರು 2023ರಲ್ಲಿ 91ರ ವಯಸ್ಸಿನಲ್ಲಿ ಚುನಾವಣೆ ಗೆದ್ದರಲ್ಲ, ಅವರ ಊಟದ ಪದ್ಧತಿ ಹೇಗಿತ್ತು?

ಹೊಂಡದ ಸರ್ಕಲ್: ಅಧಿಕಾರ ಇದ್ದರೆ ಯಾರಾದರೂ ಗಟ್ಟಿಯಾಗಿರ್ತಾರೆ.

ಕೆಟಿಜೆ ನಗರ: ದುಡಿದು ಬೆಳೆದವರ ಬಗ್ಗೆ ನಾಲಿಗೆ ಬಿಗಿ ಹಿಡಿದು ಮಾತಾಡಿ.

ಅಡ್ಮಿನ್: ರಾಜಕೀಯ ಬೇಡ ಅಂತ ಮೊದಲೇ ಹೇಳಿದ್ದೆ. ಐದು ಕಾಮೆಂಟ್ ತೆಗೆದಿದ್ದೇನೆ.

ನಿವೃತ್ತ ಮೇಷ್ಟ್ರು, ವಿದ್ಯಾನಗರ: ಫ್ರಾನ್ಸಿನ ಜೀನ್ ಕಾಲ್ಮೆಂಟ್ 122 ವರ್ಷ 164 ದಿನ ಬದುಕಿ 1997ರಲ್ಲಿ ತೀರಿಕೊಂಡರು. ಆಕೆ ಸಿಗರೇಟು ಸೇದುತ್ತಿದ್ದರಂತೆ. ಇದಕ್ಕೇನು ಹೇಳುತ್ತೀರಿ ಡಾಕ್ಟರೇ?

ಡಾಕ್ಟರ್: ಬೀಡಿ ಅಜ್ಜನಿಗೆ ಹೇಳಿದ್ದೇ.

ವಿನೋಬನಗರ: ಮಧ್ಯಾಹ್ನ ಮಲಗಿದರೆ ಆಯಸ್ಸು ಕಡಿಮೆಯಾ ಸರ್? ವಿಟಮಿನ್ ಡಿ ಎಲ್ಲರೂ ತಗೊಳ್ಬೇಕಾ?

ಹರಿಹರದ ಮಗಳು: ಸರ್ ಸರ್, ಅಣ್ಣ ಪಕ್ಕದ ಮನೆಯಿಂದ ಮಿಷನ್ ತಂದು ಈಗ ನೋಡಿದ. 54. ಅಮ್ಮ ತೂಕಡಿಸುತ್ತಾ ಕೂತಿದ್ದಾರೆ. ಕರೆದರೆ ಹೂಂ ಅಂತಾರೆ.

ಡಾಕ್ಟರ್: ನೆಟ್ಟಗೆ ಕೂರಿಸಿ. ನುಂಗುತ್ತಾರೆ ಅಂತ ಖಚಿತ ಇದ್ದರೆ ಮಾತ್ರ ಸಕ್ಕರೆ ನೀರು, ಸ್ವಲ್ಪ ಸ್ವಲ್ಪ. 15 ನಿಮಿಷಕ್ಕೆ ಮತ್ತೆ ಚುಚ್ಚಿ. ಏರಲಿ ಬಿಡಲಿ, ಇವತ್ತು ಆಸ್ಪತ್ರೆಗೆ ಕರೆದುಕೊಂಡು ಹೋಗಲಿ. ಒಂದು ರಾತ್ರಿ ಅಲ್ಲೇ ಇಟ್ಟು ನೋಡಬೇಕಾಗಬಹುದು. ಮಾತ್ರೆ ಚೀಟಿ ಜೊತೆಗಿರಲಿ. ಅಣ್ಣನಿಗೆ ಫೋನ್ ಮಾಡಿ, ಇಲ್ಲಿ ಟೈಪ್ ಮಾಡುತ್ತಾ ಕೂರಬೇಡಿ. ಇನ್‌ಬಾಕ್ಸಿಗೆ ನಂಬರ್ ಹಾಕಿದ್ದೇನೆ.

ಆರೋಗ್ಯವೇ ಭಾಗ್ಯ: ಸಕ್ಕರೆ ಬದಲು ಜೋನಿ ಬೆಲ್ಲ ಕೊಟ್ಟರೆ ಸಹಜ ಅಲ್ವಾ ಸರ್?

ಡಾಕ್ಟರ್: ಈ ಗುಂಪಿನಲ್ಲಿ ಇವತ್ತಿಗೆ ಇಷ್ಟೇ.

ಒಂಟಿ, ನಿಟ್ಟುವಳ್ಳಿ: ನನ್ನದು ಉಳಿಯಿತು ಡಾಕ್ಟರೇ.

ಕುಂದವಾಡ ವಾಕರ್: ನಿಟ್ಟುವಳ್ಳಿಯವರೇ, ಬೆಳಿಗ್ಗೆ ಆರಕ್ಕೆ ಕೆರೆ ಹತ್ತಿರ ಬನ್ನಿ. ನಾವು ಎಂಟು ಜನ ಇದ್ದೇವೆ.

ಬಸ್ ಸ್ಟ್ಯಾಂಡ್ ರಸ್ತೆ: ಈಗಷ್ಟೇ ನೋಡಿದೆ. ಸರ್, ಬೆಣ್ಣೆ ದೋಸೆ ತಿನ್ನಬಹುದಾ?

ಅಡ್ಮಿನ್: ಕಾಮೆಂಟ್ ಬಂದ್ ಮಾಡುತ್ತಿದ್ದೇನೆ. ಸೋರೆಕಾಯಿ ಫಾರ್ವರ್ಡನ್ನು ಹಾಕಿದವರೇ ತೆಗೆಯಬೇಕು. ಇಲ್ಲದಿದ್ದರೆ ನಾಳೆಯಿಂದ ಗುಂಪಿನಲ್ಲಿ ಇರಲ್ಲ.