ಕುಂಬಾರ ಕಪ್ಪೆಯೂ ಚಿಕ್ಕಪ್ಪನ ಜೆಸಿಬಿಯೂ

ಮೊನ್ನೆ ರಾತ್ರಿ ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ನಡೆದದ್ದು. ದೊಡ್ಡಪ್ಪನ ವಾಯ್ಸ್ ಮೆಸೇಜುಗಳನ್ನು ಬಿಟ್ಟಿದ್ದೇನೆ, ಅವನ್ನು ಯಾರೂ ಕೇಳಿಲ್ಲ.

ಸಾಗರದ ಅತ್ತೆ: (ಫಾರ್ವರ್ಡ್) ಎಚ್ಚರ!! ಮಲೆನಾಡಿನ ಹಳ್ಳಗಳಲ್ಲಿ ಮಣ್ಣು ಮೆತ್ತುವ ವಿಚಿತ್ರ ಕಪ್ಪೆ!! ಇದು ಟಕ್ ಟಕ್ ಎಂದರೆ 3 ದಿನದಲ್ಲಿ ನೆರೆ ಗ್ಯಾರಂಟಿ. ವಿಜ್ಞಾನಿಗಳೇ ಕಂಗಾಲು. 10 ಜನಕ್ಕೆ ಕಳಿಸಿ.

ಸಾಗರದ ಅತ್ತೆ: ಇನ್ನೂ ಅರ್ಧ ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆದಿಲ್ಲ 😟

ಬೆಂಗಳೂರಿನ ಅಣ್ಣ: ಯಾವ ವಿಜ್ಞಾನಿ ಅತ್ತೆ? ಎಲ್ಲಿ ಬಂದಿದೆ?

ಸಾಗರದ ಅತ್ತೆ: ನನ್ನನ್ನು ಕೇಳಿದರೆ? ಬಂದದ್ದನ್ನು ಕಳಿಸಿದೆ.

ನಾನು: ಕಪ್ಪೆ ನಿಜ, ನೆರೆ ಸುಳ್ಳು. ಕುಂಬಾರ ಕಪ್ಪೆ ಅಂತ. ಉತ್ತರ ಕನ್ನಡದ ಕತ್ತಲೆಕಾನು ಎಂಬ ಕಾಡಿನಲ್ಲಿ ಕಂಡು, 2014ರಲ್ಲಿ ಕೆ.ವಿ. ಗುರುರಾಜ ಮತ್ತು ಜೊತೆಗಾರರು ಹೊಸ ಜಾತಿ ಅಂತ ಬರೆದರು. ಹೆಣ್ಣು ಹಳ್ಳದ ಪಕ್ಕದ ಕಡ್ಡಿಗೋ ತೊಗಟೆಗೋ ಮೊಟ್ಟೆ ಅಂಟಿಸುತ್ತದೆ. ಗಂಡು ಮುಂಗಾಲಲ್ಲಿ ಕೆಸರು ತೆಗೆದು, ಹಿಂಗಾಲ ಮೇಲೆ ನಿಂತು ಅದರ ಮೇಲೆ ಮೆತ್ತುತ್ತದೆ. ಒಣಗದಿರಲಿ ಅಂತ ಇರಬೇಕು. ದಂಡೆಯ ಗಿಡ ಕಡಿದರೆ ಅದಕ್ಕೆ ಮೊಟ್ಟೆ ಇಡಲು ಜಾಗ ಕಡಿಮೆ.

ಬೆಂಗಳೂರಿನ ಅಣ್ಣ: ಕೂಗಿಗೂ ನೆರೆಗೂ?

ನಾನು: ಗಂಡು ಕೂಗುವುದು ಹೆಣ್ಣನ್ನು ಕರೆಯಲು. ಅದೂ ಮಳೆಗಾಲದಲ್ಲಿ, ನೆರೆಯೂ ಮಳೆಗಾಲದಲ್ಲಿ. ಅಷ್ಟೇ.

ದೊಡ್ಡಪ್ಪ: ನೋಡಿ, ಕಪ್ಪೆಗೂ ಎಷ್ಟು ಜವಾಬ್ದಾರಿ! ವರ್ಷಕ್ಕೊಮ್ಮೆ ಬಂದು ತೆಂಗಿನಕಾಯಿ ಮೂಟೆ ಕಟ್ಟಿಕೊಂಡು ಹೋಗುವವರು ಓದಿಕೊಳ್ಳಲಿ 🙏

ಬೆಂಗಳೂರಿನ ಅಣ್ಣ: ಯಾರಿಗೆ ಹೇಳಿದ್ದು ದೊಡ್ಡಪ್ಪ?

ದುಬೈ ಅಕ್ಕ: ಅಯ್ಯೋ ನಮ್ಮ ಹಳ್ಳ! ಆ ಮುಂಡಿಗೆ (ಕೇದಗೆ ಜಾತಿಯ ಗಿಡ) ಹಿಂಡು ಇನ್ನೂ ಇದೆಯಾ? ಅದರ ಬೇರಿನ ಸಂದಿಯಲ್ಲಿ ಟವೆಲ್ ಒಡ್ಡಿ ಮೀನುಮರಿ ಹಿಡಿಯುತ್ತಿದ್ದೆವು. ಎಲೆಯ ಮುಳ್ಳು ತಾಗಿ ಕೈಯೆಲ್ಲಾ ಗೀರು 😄

ಸಾಗರದ ಅತ್ತೆ: ಎಲ್ಲಿಯ ಮುಂಡಿಗೆ? ಜೆಸಿಬಿ ತಂದವರನ್ನು ಕೇಳು.

ಚಿಕ್ಕಪ್ಪ: ಶುರುವಾಯಿತು. ಅಕ್ಕಾ, ಹಾವಿನ ಕಾಟ, ತೆಗೆಸು ತೆಗೆಸು ಅಂದದ್ದು ಯಾರು? ಹಳ್ಳ ಅಗಲ ಆದರೆ ನೀರು ಬೇಗ ಹೋಗುತ್ತದೆ ಅಂದಾಗ ಇದೇ ಗುಂಪಿನಲ್ಲಿ ಎಲ್ಲರೂ 👍 ಒತ್ತಿದ್ದಿರಿ.

ನಾನು: ನೀರು ಬೇಗ ಹೋಯಿತು ಚಿಕ್ಕಪ್ಪ, ದಂಡೆಯನ್ನೂ ಒಯ್ದಿತು. ಆ ಮಣ್ಣು ನಿಂತದ್ದೇ ಮುಂಡಿಗೆ ಬೇರಿನಿಂದ. ಈಗ ಮೊದಲ ಸಾಲಿನ ಅಡಿಕೆ ಮರ ಹಳ್ಳಕ್ಕೆ ಒರಗಿ ನಿಂತಿವೆ. ಹಳ್ಳದ ಮೇಲೆ ನೆರಳೂ ಇಲ್ಲ, ಬೇಸಿಗೆಯಲ್ಲಿ ನೀರು ಕಾಯುತ್ತದೆ.

ಚಿಕ್ಕಪ್ಪ: ನಿನ್ನ ಅಪ್ಪನ ಪಾಲಿನದ್ದು ಹೋಗಿಲ್ಲ ಅಲ್ವಾ, ಸುಮ್ನಿರು.

ಬೆಂಗಳೂರಿನ ಅಣ್ಣ: ದಂಡೆ ಕುಸಿದದ್ದು 2019ರ ಮಳೆಗೆ. ಜೆಸಿಬಿ ಬಂದದ್ದು ಅದಕ್ಕೆ ಮೊದಲೋ ಆಮೇಲೋ? ಫೋಟೋ ಇದೆಯಾ?

ದುಬೈ ಅಕ್ಕ: (ಫೋಟೋ) ನನ್ನ ಮದುವೆ ಮರುದಿನದ್ದು. ಹಿಂದೆ ಕಾಣುವುದು ಮುಂಡಿಗೆ!

(ಮುಂದಿನ ಅರ್ಧ ಗಂಟೆ ಅತ್ತೆ ಉಟ್ಟ ಸೀರೆ ಯಾರದ್ದೆಂಬ ಮಾತು. ಹಿಂದಿದ್ದ ಮುಂಡಿಗೆಯನ್ನು ಒಬ್ಬರೂ ದೊಡ್ಡದು ಮಾಡಿ ನೋಡಲಿಲ್ಲ.)

ನಾನು: ಮಳೆ ಇರುವಾಗಲೇ ಮುಂಡಿಗೆ ಕಂದು ತಂದು ನೆಡೋಣ. ಹೊಳೆದಾಸವಾಳ, ನೀರುನೇರಳೆಯೂ ಆಗುತ್ತದೆ.

ಚಿಕ್ಕಪ್ಪ: ಯಾರ ಜಾಗದಲ್ಲಿ?

ದೊಡ್ಡಪ್ಪ: ಭಾನುವಾರ ಎಲ್ಲರೂ ಬನ್ನಿ. ಗಡಿ ಅಳೆದೇ ನೆಡುವ.

ಬೆಂಗಳೂರಿನ ಅಣ್ಣ: ಟೇಪು ಯಾರು ತರುತ್ತೀರಿ?

ಚಿಕ್ಕಪ್ಪ: ನಿನ್ನ ಅಪ್ಪ ಒಯ್ದ ಟೇಪು ಇನ್ನೂ ವಾಪಸ್ ಬಂದಿಲ್ಲ.