ಫೆಬ್ರವರಿಯಲ್ಲಿ ಹಾಸನದಲ್ಲಿ ನನ್ನ ಮದುವೆ, ಯಾವುದರಿಂದ ಶುರು ಮಾಡಲಿ?

ಚನ್ನರಾಯಪಟ್ಟಣದ ಹುಡುಗಿ:

ಎಲ್ಲರಿಗೂ ನಮಸ್ಕಾರ. ಫೆಬ್ರವರಿ ಎರಡನೇ ವಾರ ನನ್ನ ಮದುವೆ. ಛತ್ರ ಹಾಸನದಲ್ಲಿ, ನಾನಿರುವುದು ಬೆಂಗಳೂರಿನಲ್ಲಿ. ಕೈಯಲ್ಲಿ ಸರಿಯಾಗಿ ನಾಲ್ಕು ತಿಂಗಳಿದೆ. ಅಪ್ಪನಿಗೆ ಹೋದ ವರ್ಷ ಸ್ಟೆಂಟ್ ಹಾಕಿದ್ದಾರೆ, ಜಾಸ್ತಿ ಓಡಾಡಿಸುವ ಹಾಗಿಲ್ಲ. ಅಣ್ಣ ದುಬೈನಲ್ಲಿದ್ದಾನೆ, ಮದುವೆಗೆ ಮೂರು ದಿನ ಇರುವಾಗ ಬರುತ್ತಾನೆ. ಅಮ್ಮ ಎಲ್ಲದಕ್ಕೂ "ನಿನಗೆ ಹೇಗೆ ಇಷ್ಟವೋ ಹಾಗೆ ಮಾಡು" ಅನ್ನುತ್ತಾರೆ. ಹಾಗೆ ಮಾಡಿದರೆ ಮುಖ ಸಣ್ಣ ಮಾಡಿಕೊಳ್ಳುತ್ತಾರೆ.

ಒಂದು ಎಕ್ಸೆಲ್ ಶೀಟ್ ಮಾಡಿದ್ದೇನೆ, ಆಗಲೇ 140 ಸಾಲು ಆಗಿದೆ. ಛತ್ರಕ್ಕೆ ಮತ್ತು ಅಡುಗೆಯವರಿಗೆ ಅಡ್ವಾನ್ಸ್ ಕೊಟ್ಟಾಗಿದೆ. ಸೀರೆ, ಬ್ಲೌಸ್, ಮೇಕಪ್, ಹೂವು, ವಾಲಗ, ತಾಂಬೂಲ ಎಲ್ಲಾ ಬಾಕಿ. ಸುಮಾರು 500 ಜನ ಆಗಬಹುದು. ಈವೆಂಟ್ ಮ್ಯಾನೇಜ್‌ಮೆಂಟ್‌ನವರನ್ನು ಇಟ್ಟುಕೋ ಅಂತ ಆಫೀಸಿನಲ್ಲಿ ಹೇಳುತ್ತಿದ್ದಾರೆ, ಅಷ್ಟು ದುಡ್ಡಿಲ್ಲ. ಮದುವೆ ಮಾಡಿಕೊಂಡ ಅಕ್ಕಂದಿರು, ಮಾಡಿಸಿದ ಅಮ್ಮಂದಿರು ಹೇಳಿ: ಯಾವುದು ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ್ದು, ಯಾವುದು ಸುಮ್ನೆ ಗಲಾಟೆ?

ತಿಪಟೂರು ಸೊಸೆಯಲ್ಲ ಮಗಳು:

ತಂಗಿ, ಆ 140 ಸಾಲಿಗೆ ಇನ್ನೊಂದು ಕಾಲಂ ಸೇರಿಸಿ: "ಆ ದಿನ ಇದನ್ನು ಯಾರನ್ನು ಕೇಳಬೇಕು". ಆ ಕಾಲಂನಲ್ಲಿ ನಿಮ್ಮ ಹೆಸರು ಒಂದು ಸಲವೂ ಬರಬಾರದು.

ಯಾಕೆ ಅಂತ ಹೇಳುತ್ತೇನೆ. ನನ್ನ ಮದುವೆ ತಿಪಟೂರಿನಲ್ಲಿ ಆಯಿತು. ನಾನೂ ನಿಮ್ಮ ಹಾಗೇ, ಪ್ರತಿಯೊಂದೂ ನಾನೇ ನೋಡಿಕೊಂಡೆ. ಮುಹೂರ್ತದ ಹೊತ್ತು. ಅಂತರಪಟದ ಈಚೆ ನಿಂತಿದ್ದೇನೆ. ಕೈಯಲ್ಲಿರುವ ಜೀರಿಗೆ ಬೆಲ್ಲ ಬೆವರಿಗೆ ಕರಗುತ್ತಿದೆ. ಪುರೋಹಿತರು ಮಂತ್ರ ಹೇಳುತ್ತಿದ್ದಾರೆ. ಹಿಂದಿನಿಂದ ನಮ್ಮ ಚಿಕ್ಕಪ್ಪ ಬಗ್ಗಿ ಕಿವಿಯಲ್ಲಿ ಕೇಳಿದರು: "ಪುಟ್ಟಿ, ಉಗ್ರಾಣದ ಬೀಗದ ಕೈ ಎಲ್ಲಮ್ಮಾ?"

ಅದು ನನ್ನ ಬ್ಯಾಗಿನಲ್ಲಿತ್ತು. ಬ್ಯಾಗು ಹೆಣ್ಣಿನ ರೂಮಿನಲ್ಲಿತ್ತು. ಆ ರೂಮಿಗೂ ಬೀಗ, ಅದರ ಕೈ ನನ್ನ ಅತ್ತೆ ಮಗಳ ಹತ್ತಿರ. ಅವಳು ಹೂವು ಸಾಲಲಿಲ್ಲ ಅಂತ ಪೇಟೆಗೆ ಹೋಗಿದ್ದಳು. ಉಗ್ರಾಣದ ಒಳಗೆ ತುಪ್ಪ, ಸಕ್ಕರೆ, ತಾಂಬೂಲಕ್ಕೆ ತಂದಿಟ್ಟ 400 ತೆಂಗಿನಕಾಯಿ. ತಿಪಟೂರಿನಲ್ಲಿ ಕಾಯಿಗೆ ಬರವೇ? ಆದರೂ ಅಷ್ಟು ಕಾಯಿ ಬೀಗದ ಒಳಗೆ, ನಾವೆಲ್ಲ ಹೊರಗೆ. ಕೊನೆಗೆ ಅಡುಗೆಯವರು ಗುಂಡುಕಲ್ಲು ತಂದು ಬೀಗ ಒಡೆದರು. ವೀಡಿಯೋ ಹಾಕಿದರೆ ಗಟ್ಟಿಮೇಳದ ನಡುವೆ ಠಣ್ ಠಣ್ ಅಂತ ಈಗಲೂ ಕೇಳುತ್ತದೆ. ನನ್ನ ಗಂಡ ಅದನ್ನು "ನಮ್ಮ ಮದುವೆಯ ತಾಳ" ಅನ್ನುತ್ತಾರೆ.

ಹಾಗಾಗಿ ಮೊದಲ ಕೆಲಸ ಸೀರೆಯಲ್ಲ, ಮೇಕಪ್ಪೂ ಅಲ್ಲ. ಉಗ್ರಾಣಕ್ಕೆ ಒಬ್ಬರನ್ನು ಹುಡುಕಿ. ಸ್ವಲ್ಪ ಜಿಪುಣರಾಗಿರಬೇಕು, ಗದರಲು ಬರಬೇಕು, ಮಂಟಪದ ಹತ್ತಿರ ಫೋಟೋಗೆ ನಿಲ್ಲುವ ಆಸೆ ಇರಬಾರದು. ಪ್ರತಿ ಮನೆಯಲ್ಲೂ ಅಂಥ ಒಬ್ಬ ದೊಡ್ಡಮ್ಮ ಇರುತ್ತಾರೆ. ಅವರನ್ನು ಈಗಲೇ ಬುಕ್ ಮಾಡಿ.

ಎರಡನೆಯದು ದುಡ್ಡು. ಆ ದಿನ ಎಲ್ಲರಿಗೂ ಬಾಕಿ ಕೊಡಬೇಕು: ಪುರೋಹಿತರು, ವಾಲಗದವರು, ಹೂವಿನವರು, ಪಾತ್ರೆ ತೊಳೆಯುವವರು. ಹಿಂದಿನ ವಾರವೇ ಒಬ್ಬೊಬ್ಬರಿಗೆ ಒಂದೊಂದು ಕವರ್ ಮಾಡಿ, ಮೇಲೆ ಹೆಸರು ಮತ್ತು ಬಾಕಿ ಬರೆದು ಸೋದರಮಾವನ ಕೈಗೆ ಕೊಡಿ. ದಕ್ಷಿಣೆಗೆ ಹತ್ತು, ಇಪ್ಪತ್ತರ ನೋಟು, ಒಂದು ರೂಪಾಯಿ ನಾಣ್ಯ ಬ್ಯಾಂಕಿನಿಂದ ಮೊದಲೇ ತಂದಿಡಿ. ನಾನು ಬ್ಯಾಂಕಿನಲ್ಲೇ ಕೆಲಸ ಮಾಡುವವಳು, ನನ್ನ ಮದುವೆಯಲ್ಲೇ ಚಿಲ್ಲರೆ ಇರಲಿಲ್ಲ. ಮುಯ್ಯಿ ಬರೆಯಲು ಇಬ್ಬರು ಬೇಕು. ಒಬ್ಬರು ಬರೆಯುವವರು, ಇನ್ನೊಬ್ಬರು ಜಿಪ್ ಇರುವ ಚೀಲ ಮಡಿಲಲ್ಲಿಟ್ಟುಕೊಂಡು ಎದ್ದೇಳದೆ ಕೂರುವವರು.

ಮೂರನೆಯದು ಛತ್ರ. ಕರೆಂಟಿಗೆ ಮೀಟರ್ ಲೆಕ್ಕವೋ, ಜನರೇಟರ್‌ಗೆ ಗಂಟೆ ಲೆಕ್ಕವೋ ಕೇಳಿದಿರಾ? ಒಳಗೆ ಕಾಲಿಟ್ಟ ಕೂಡಲೇ ಯಾರಾದರೂ ಮೀಟರ್‌ನ ಫೋಟೋ ತೆಗೆಯಲಿ, ಬಿಡುವಾಗ ಮತ್ತೊಂದು. ನಮಗೆ ಡೆಪಾಸಿಟ್‌ನಲ್ಲಿ ಎಷ್ಟು ಹಿಡಿದುಕೊಂಡರು, ಯಾಕೆ ಹಿಡಿದುಕೊಂಡರು ಅಂತ ಇವತ್ತಿಗೂ ಗೊತ್ತಾಗಿಲ್ಲ, ನಮ್ಮ ಹತ್ತಿರ ಫೋಟೋ ಇರಲಿಲ್ಲ. ಬಿಸಿನೀರೂ ವಿಚಾರಿಸಿ. ಫೆಬ್ರವರಿಯ ಹಾಸನದಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಎಣ್ಣೆ ನೀರು ಹಾಕುತ್ತಾರೆ, ಸೋಲಾರ್ ನೀರು ಮೂರು ಜನಕ್ಕೆ ಮುಗಿದಿರುತ್ತದೆ. ಹೆಣ್ಣಿನ ರೂಮಿನಲ್ಲಿ ಗೀಸರ್ ಇದೆಯಾ ಅಂತ ಕೇಳಿದರೆ ಸಾಲದು. ಆನ್ ಮಾಡಿಸಿ, ನೀರು ಮುಟ್ಟಿ ನೋಡಿ.

ಪುರೋಹಿತರನ್ನೂ ವಾಲಗದವರನ್ನೂ ಈ ವಾರವೇ ಹಿಡಿಯಿರಿ. ಧನುರ್ಮಾಸದಲ್ಲಿ ಮದುವೆ ಇಲ್ಲ, ಸಂಕ್ರಾಂತಿ ಕಳೆದದ್ದೇ ಎಲ್ಲರೂ ಒಟ್ಟಿಗೆ ಬೀಳುತ್ತಾರೆ. ಒಳ್ಳೆಯ ಮುಹೂರ್ತದ ದಿನ ಹಾಸನದ ವಾಲಗದವರು ಅರಸೀಕೆರೆಯಲ್ಲಿರುತ್ತಾರೆ.

ಬ್ಲೌಸ್ ಬಗ್ಗೆ ಒಂದೇ ಮಾತು. ಟ್ರಯಲ್ ನೋಡುವಾಗ ಕನ್ನಡಿ ಮುಂದೆ ನಿಂತು ನೋಡಬೇಡಿ. ಎರಡೂ ಕೈ ತಲೆ ಮೇಲೆ ಎತ್ತಿ. ಎತ್ತರದ ಗಂಡಿಗೆ ಹಾರ ಹಾಕಬೇಕಲ್ವಾ? ಆಮೇಲೆ ನೆಲದ ಮೇಲೆ ಚಕ್ಕಳಮಕ್ಕಳ ಕೂತು ಬಗ್ಗಿ. ಎರಡೂ ಆದರೆ ಬ್ಲೌಸ್ ಸರಿಯಿದೆ. ಪಕ್ಕದ ಹೊಲಿಗೆಯಲ್ಲಿ ಬಟ್ಟೆ ಧಾರಾಳವಾಗಿ ಬಿಡಲು ಹೇಳಿ. ಮದುವೆ ಹತ್ತಿರ ಬಂದಾಗ ಕೆಲವರು ಇಳಿಯುತ್ತಾರೆ, ನನ್ನಂಥವರು ಎಲ್ಲರ ಮನೆಯ ಊಟಕ್ಕೆ ಹೋಗಿ ಏರುತ್ತಾರೆ.

ಕಾಂಟ್ಯಾಕ್ಟ್ ಲೆನ್ಸ್ ಹಾಕುವುದಾದರೆ ಹೋಮದ ಹೊಗೆ ನೆನಪಿರಲಿ.

ಸೌಟು ಹಿಡಿದವನು:

ನಮ್ಮದು ಅಡುಗೆ ಕಂಟ್ರಾಕ್ಟ್, ಅಪ್ಪನ ಕಾಲದಿಂದ. 500 ಜನ ಅಂದಿರಿ. ಯಾವ ಹೊತ್ತಿಗೆ 500? ವರಪೂಜೆ ರಾತ್ರಿ, ಬೆಳಗಿನ ತಿಂಡಿ, ಮುಹೂರ್ತದ ಊಟ, ಈ ಮೂರಕ್ಕೂ ಬೇರೆ ಬೇರೆ ಲೆಕ್ಕ ಕೊಡಿ. ತಿಂಡಿಗೆ ಛತ್ರದಲ್ಲಿ ಮಲಗಿದವರು ಮತ್ತು ಅಕ್ಕಪಕ್ಕದ ನೆಂಟರು ಮಾತ್ರ ಇರುತ್ತಾರೆ. ಅದಕ್ಕೂ 500 ಅಂತ ಒಪ್ಪಿಕೊಂಡು ದುಡ್ಡು ಕಳೆದುಕೊಳ್ಳುವವರನ್ನು ಬೇಕಾದಷ್ಟು ನೋಡಿದ್ದೇನೆ.

ಎಲೆ ಲೆಕ್ಕದ ಮೇಲೆ ಮಾತಾಗಿದ್ದರೆ, ಪಂಕ್ತಿ ಶುರುವಾಗುವ ಮೊದಲು ಎಷ್ಟು ಎಲೆ ತಂದಿದ್ದಾರೆ, ಕೊನೆಗೆ ಎಷ್ಟು ಉಳಿಯಿತು ಅಂತ ನಿಮ್ಮ ಕಡೆಯ ಹುಡುಗನೊಬ್ಬ ಎಣಿಸಲಿ. ನನ್ನ ಕಸುಬಿನವರು ಬೈದುಕೊಳ್ಳಬಹುದು, ಪರವಾಗಿಲ್ಲ. ಮಕ್ಕಳ ಎಲೆಗೆ ಪೂರ್ತಿ ರೇಟೋ ಅರ್ಧವೋ, ನಮ್ಮ ಹುಡುಗರು, ವಾಲಗದವರು, ಫೋಟೋದವರು ತಿನ್ನುವ ಎಲೆ ಯಾರ ಲೆಕ್ಕಕ್ಕೆ, ಇದನ್ನೂ ಈಗಲೇ ಬರೆಸಿಕೊಳ್ಳಿ. ಜಗಳ ಬರುವುದು ಅಲ್ಲೇ.

ಸಿಹಿ ಎರಡು ಸಾಕು. ಒಬ್ಬಟ್ಟು ಇದ್ದ ಮೇಲೆ ಜಾಮೂನು ಎಲೆಯಲ್ಲೇ ಉಳಿಯುತ್ತದೆ.

ಹಳೇ ಮೈಸೂರು:

ನಮ್ಮ ಕಾಲದಲ್ಲಿ ಮದುವೆ ಹೆಣ್ಣು ಇದನ್ನೆಲ್ಲ ತಲೆಗೆ ಹಚ್ಚಿಕೊಳ್ಳುತ್ತಿರಲಿಲ್ಲ. ದೊಡ್ಡವರಿಗೆ ಬಿಡಮ್ಮ. ನೀನು ಆರಾಮಾಗಿ ಇರು.

ತಿಪಟೂರು ಸೊಸೆಯಲ್ಲ ಮಗಳು:

ಸಾರ್, ಅವರ ಅಪ್ಪನಿಗೆ ಸ್ಟೆಂಟ್ ಹಾಕಿದೆ, ಅಣ್ಣ ದುಬೈನಲ್ಲಿದ್ದಾನೆ. ಯಾವ ದೊಡ್ಡವರಿಗೆ ಬಿಡಬೇಕು, ಬಂದು ಹೊತ್ತುಕೊಳ್ಳುತ್ತೀರಾ?

ಹಳೇ ಮೈಸೂರು:

ಅದೂ ಸರಿಯೇ. ಹಾಗಾದರೆ ಒಂದು ಉಪಯೋಗದ ಮಾತು ಹೇಳುತ್ತೇನೆ. ಲಗ್ನಪತ್ರಿಕೆ ನಾಲ್ಕಾರು ತೆಗೆದಿಡು, ಎಲ್ಲವನ್ನೂ ಹಂಚಿಬಿಡಬೇಡ. ಮದುವೆ ನೋಂದಣಿಗೆ ಬೇಕಾಗುತ್ತದೆ. ಪತ್ರಿಕೆಯಲ್ಲಿ ಹೆಸರು ಆಧಾರ್‌ನಲ್ಲಿರುವ ಹಾಗೇ ಇರಲಿ, "ಪಿಂಕಿ" ಅಂತ ಮನೆ ಹೆಸರು ಹಾಕಿಸಬೇಡ. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಮೂವರು ಸಾಕ್ಷಿಗಳು ಬೇಕು. ನೆಂಟರು ಚದುರುವ ಮೊದಲೇ ಯಾರು ಅಂತ ನಿಶ್ಚಯ ಮಾಡಿಕೊಂಡು ಅವರ ಆಧಾರ್ ಪ್ರತಿ ತೆಗೆದಿಟ್ಟುಕೋ. ಈಗ ನೋಂದಣಿ ಇಲಾಖೆಯ ಕಾವೇರಿ 2.0 ವೆಬ್‌ಸೈಟಿನಲ್ಲಿ ಆನ್‌ಲೈನ್‌ನಲ್ಲೂ ಅರ್ಜಿ ಹಾಕಬಹುದು. ನನ್ನ ಮಗಳು ವೀಸಾ ಹೊತ್ತಿಗೆ ಪ್ರಮಾಣಪತ್ರ ಇಲ್ಲದೆ ಒದ್ದಾಡಿದಳು, ಅದಕ್ಕೆ ಹೇಳಿದೆ.

ಜಡೆ ಹೆಣೆಯುವವಳು:

ನಾನು ಹಾಸನದಲ್ಲೇ ಮೇಕಪ್ ಮಾಡುತ್ತೇನೆ. ಬೆಂಗಳೂರಿನಿಂದ ಕರೆತಂದರೆ ಅವರ ಓಡಾಟ, ರೂಮು ಎಲ್ಲಾ ನಿಮ್ಮ ತಲೆ ಮೇಲೆ. ಇಲ್ಲೇ ಒಬ್ಬರನ್ನು ನೋಡಿ, ಆದರೆ ಒಂದು ಸಲ ಟ್ರಯಲ್ ಮಾಡಿಸಿ, ಬಿಸಿಲಿನಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಿ. ರೂಮಿನ ಲೈಟಿನಲ್ಲಿ ಎಲ್ಲರೂ ಚೆನ್ನಾಗಿ ಕಾಣುತ್ತಾರೆ.

ಮೊಗ್ಗಿನ ಜಡೆ ಆಸೆ ಇದ್ದರೆ ಒಂದು ಮಾತು. ಚಳಿಯಲ್ಲಿ ಮಲ್ಲಿಗೆ ಮೊಗ್ಗು ಕಡಿಮೆ, ರೇಟು ಕೇಳಿದರೆ ತಲೆ ತಿರುಗುತ್ತದೆ. ಹೂವಿನವರಿಗೆ ಈಗಲೇ ಹೇಳಿಡಿ, ಅಥವಾ ಮುಹೂರ್ತಕ್ಕೆ ಮಾತ್ರ ಮೊಗ್ಗಿನ ಜಡೆ, ವರಪೂಜೆಗೆ ಬೇರೆ ಹೂವು ಅಂತ ಇಟ್ಟುಕೊಳ್ಳಿ. ಜಡೆ ಭಾರ ಇರುತ್ತದೆ. ತಲೆಗೆ ಎಣ್ಣೆ ನೀರು ಹಾಕಿದ ದಿನ ಕೂದಲು ಜಾರುತ್ತದೆ, ಪಿನ್ನು ನಿಲ್ಲುವುದಿಲ್ಲ. ಎಣ್ಣೆ ಶಾಸ್ತ್ರಕ್ಕೆ ಒಂದು ತೊಟ್ಟು ಸಾಕು ಅಂತ ಅಜ್ಜಿಯರಿಗೆ ಮೊದಲೇ ಹೇಳಿಡಿ. ನಾನು ಹೇಳಿದರೆ ಕೇಳುವುದಿಲ್ಲ.

ಮೆಹಂದಿ ಎರಡು ದಿನ ಮುಂಚೆ ಹಾಕಿಸಿ, ಬಣ್ಣ ಏರಲು ಅಷ್ಟು ಹೊತ್ತು ಬೇಕು. ಮತ್ತೆ ದಯವಿಟ್ಟು ಏನಾದರೂ ತಿನ್ನಿ. ಗೌರಿಪೂಜೆ ಮುಗಿಯುವವರೆಗೆ ಬರೀ ಹೊಟ್ಟೆಯಲ್ಲಿ ಕೂತು, ಮಂಟಪಕ್ಕೆ ಬರುವಾಗ ಕಣ್ಣು ಕತ್ತಲೆ ಬಂದವರನ್ನು ಹಿಡಿದುಕೊಂಡಿದ್ದೇನೆ. ಪುರೋಹಿತರನ್ನೇ ಕೇಳಿ, ಹಾಲು ಹಣ್ಣು ತೆಗೆದುಕೊಳ್ಳಬಹುದು ಅಂತ ಹೆಚ್ಚಿನವರು ಅನ್ನುತ್ತಾರೆ. ಸ್ಟ್ರಾ ತನ್ನಿ, ಲಿಪ್‌ಸ್ಟಿಕ್ ಹೋಗುವುದಿಲ್ಲ.

ಚನ್ನರಾಯಪಟ್ಟಣದ ಹುಡುಗಿ:

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಹಾಸನಕ್ಕೆ ಹೋಗಿ ಬಂದೆ. ಗೀಸರ್ ಆನ್ ಮಾಡಿಸಿದೆ, ಕೆಟ್ಟಿತ್ತು. ರಿಪೇರಿ ಮಾಡಿಸುತ್ತೇವೆ ಅಂತ ರಸೀದಿಯ ಹಿಂದೆ ಬರೆಸಿಕೊಂಡು ಬಂದೆ. ಅಡುಗೆಯವರ ಹತ್ತಿರ ತಿಂಡಿಗೆ 180 ಎಲೆ ಅಂದೆ. ಒಂದು ನಿಮಿಷ ನನ್ನ ಮುಖ ನೋಡಿ, "ಯಾರಮ್ಮ ಹೇಳಿಕೊಟ್ಟಿದ್ದು" ಅಂದರು.

ಉಗ್ರಾಣಕ್ಕೆ ನುಗ್ಗೇಹಳ್ಳಿಯ ದೊಡ್ಡಮ್ಮನಿಗೆ ಫೋನ್ ಮಾಡಿದೆ. ಮೂರು ವರ್ಷದಿಂದ ಅಮ್ಮನ ಜೊತೆ ಮಾತು ಬಿಟ್ಟಿದ್ದರು, ಸ್ವಲ್ಪ ಭಯವಿತ್ತು. "ಅಲ್ಲೇ ಚಾಪೆ ಹಾಕಿಕೊಂಡು ಮಲಗ್ತೀನಿ, ಒಂದು ಕಾಯಿ ಆಚೆ ಹೋಗಲ್ಲ" ಅಂದರು. ಅಮ್ಮನಿಗೆ ಹೇಳಿದೆ. ಈ ಸಲ ಮುಖ ಸಣ್ಣ ಮಾಡಿಕೊಳ್ಳಲಿಲ್ಲ.

ತಿಪಟೂರು ಅಕ್ಕ, ಒಂದು ಸಣ್ಣ ಪ್ರಶ್ನೆ. ಬೀಗದ ಕೈಯನ್ನು ದಾರದಲ್ಲಿ ಪೋಣಿಸಿ ದೊಡ್ಡಮ್ಮನ ಕೊರಳಿಗೆ ಹಾಕಿಬಿಡಲಾ?

ತಿಪಟೂರು ಸೊಸೆಯಲ್ಲ ಮಗಳು:

ಸೊಂಟಕ್ಕೆ ಸಿಗಿಸಿ. ಕೊರಳಿಗೆ ಹಾಕಿದರೆ ಅಕ್ಷತೆ ಹಾಕಲು ಬಂದಾಗ ಎಲ್ಲಾ ಫೋಟೋದಲ್ಲೂ ಬರುತ್ತದೆ. ಮತ್ತೆ ಇನ್ನೊಂದು ಕೈ ಮಾಡಿಸಿ ಚಿಕ್ಕಪ್ಪನ ಹತ್ತಿರ ಇರಲಿ.