ಕಣದ ಮೇಲೆ ಹಾದುಹೋದ ಬೆಳಕಿನ ಸಾಲು: ಪೈಲಟ್‌ಗೆ ಕೇಳಿದ್ದು

ಪ್ರಶ್ನೆ (ಕಕ್ಕಬ್ಬೆಯ ಬೆಳೆಗಾರರು): ಸಾರ್, ನಿನ್ನೆ ಸಂಜೆ ಏಳು ಗಂಟೆಗೆ ಕಣದಲ್ಲಿ ಕಾಫಿಗೆ ಟಾರ್ಪಾಲು ಹೊದಿಸ್ತಾ ಇದ್ದೆವು. ತಡಿಯಂಡಮೋಳ್ ಬೆಟ್ಟದ ಕಡೆಯಿಂದ ಬೆಳಕುಗಳು ಸಾಲಾಗಿ ಬಂದವು. ಇಪ್ಪತ್ತಕ್ಕಿಂತ ಜಾಸ್ತಿ. ಶಬ್ದವೇ ಇಲ್ಲ. ನೆತ್ತಿ ದಾಟಿದ ಮೇಲೆ ಒಂದೇ ಜಾಗಕ್ಕೆ ಬಂದು ಒಂದೊಂದಾಗಿ ಆರಿಹೋದವು. ಕೆಲಸದವರು ಹೆದರಿ ಲೈನ್ ಮನೆಗೆ ಓಡಿದರು. ನೀವು ಮೂವತ್ತು ವರ್ಷಕ್ಕೂ ಜಾಸ್ತಿ ವಿಮಾನ ಹಾರಿಸಿದವರು, ಇದು ಏನಿರಬಹುದು?

ಉತ್ತರ: "ಒಂದೇ ಜಾಗಕ್ಕೆ ಬಂದು ಆರಿದವು" ಅಂದಿರಲ್ಲ, ಉತ್ತರ ಅಲ್ಲೇ ಇದೆ. ಅದು ಸ್ಟಾರ್‌ಲಿಂಕ್, ಇಂಟರ್ನೆಟ್ ಕೊಡುವ ಉಪಗ್ರಹಗಳು. 2019ರ ಮೇ ತಿಂಗಳಲ್ಲಿ ಮೊದಲ ಕಂತಿನ 60 ಉಪಗ್ರಹ ಒಂದೇ ರಾಕೆಟ್‌ನಲ್ಲಿ ಹೋದವು. ಹಾರಿಸಿದ ಹೊಸದರಲ್ಲಿ ಇರುವೆ ಸಾಲಿನ ಹಾಗೆ ಒಂದರ ಹಿಂದೆ ಒಂದು ಹೋಗುತ್ತವೆ. ಆಮೇಲೆ ಚದುರಿ ಸುಮಾರು 550 ಕಿ.ಮೀ. ಎತ್ತರಕ್ಕೆ ಏರುತ್ತವೆ. ಅವಕ್ಕೆ ಸ್ವಂತ ದೀಪ ಇಲ್ಲ. ನಿಮ್ಮ ಕಣದಲ್ಲಿ ಕತ್ತಲಾದರೂ ಅಷ್ಟು ಮೇಲೆ ಇನ್ನೂ ಬಿಸಿಲಿರುತ್ತದೆ. ಭೂಮಿಯ ನೆರಳಿನೊಳಗೆ ಹೊಕ್ಕ ಕೂಡಲೇ ಆರಿದಂತೆ ಕಾಣುತ್ತದೆ. ಕೆಲಸದವರು ಹೆದರಿದ್ದಕ್ಕೆ ನಗಬೇಡಿ. 2022ರಲ್ಲಿ ಪೆಸಿಫಿಕ್ ಸಾಗರದ ಮೇಲೆ ಹಾರುತ್ತಿದ್ದ ಪೈಲಟ್‌ಗಳೇ ಇಂಥ ಬೆಳಕು ನೋಡಿ ರೇಡಿಯೋದಲ್ಲಿ ಒಬ್ಬರನ್ನೊಬ್ಬರು ಕೇಳಿಕೊಂಡಿದ್ದರು. ಅದೂ ಇವೇ ಅಂತ ಆಮೇಲೆ ಗೊತ್ತಾಯಿತು.

ಕುಶಾಲನಗರದಿಂದ ಒಬ್ಬರು: ಪುತ್ತರಿ ಹಬ್ಬದ ದಿನ ಕೋವಿ ಹೊಡೆದದ್ದನ್ನೂ ನಮ್ಮಲ್ಲಿ ಒಬ್ಬ ಏಲಿಯನ್ ಅಂತ ಸ್ಟೇಟಸ್ ಹಾಕಿದ್ದ.

ಪ್ರಶ್ನೆ (ವಿರಾಜಪೇಟೆ): ನಮ್ಮದು ಬೇರೆ. ಕೇರಳದ ಕಡೆ ಬೆಟ್ಟದ ಮೇಲೆ ಒಂದು ದೊಡ್ಡ ಬೆಳಕು, ಐದು ನಿಮಿಷ ಅಲ್ಲಾಡದೆ ನಿಂತಿತ್ತು. ಆಮೇಲೆ ಮಾಯ. ವಿಮಾನ ಹಾಗೆ ನಿಲ್ಲುತ್ತದಾ?

ಉತ್ತರ: ವಿಮಾನ ನಿಲ್ಲುವುದಿಲ್ಲ, ಆದರೆ ನಿಂತ ಹಾಗೆ ಕಾಣುತ್ತದೆ. ಕಣ್ಣೂರು ಏರ್‌ಪೋರ್ಟ್ 2018ರ ಡಿಸೆಂಬರ್‌ನಲ್ಲಿ ಶುರುವಾಯಿತಲ್ಲ, ಅಲ್ಲಿಂದ ಏರಿ ಪೂರ್ವಕ್ಕೆ ಬರುವ ವಿಮಾನದ ಮೂತಿ ನೇರ ನಿಮ್ಮ ಕಡೆ ಇದ್ದರೆ ಲ್ಯಾಂಡಿಂಗ್ ಲೈಟ್ ಪಕ್ಕಕ್ಕೆ ಸರಿಯುವುದೇ ಇಲ್ಲ, ಬರೀ ದೊಡ್ಡದಾಗುತ್ತದೆ. ತಿರುಗಿದರೆ ಅಥವಾ ಲೈಟ್ ಆರಿಸಿದರೆ ಮಾಯ. ಅದೇ ಆಗಿರಬಹುದು.

ಇನ್ನೊಂದು ಮಾತು. ಕತ್ತಲಲ್ಲಿ ಒಂಟಿ ಬೆಳಕನ್ನೇ ದಿಟ್ಟಿಸಿದರೆ ನಿಂತದ್ದೂ ಓಡಾಡಿದ ಹಾಗೆ ಕಾಣುತ್ತದೆ. ಇದನ್ನು ಪೈಲಟ್‌ಗಳಿಗೆ ಟ್ರೈನಿಂಗ್‌ನಲ್ಲೇ ಹೇಳಿಕೊಡುತ್ತಾರೆ. ಮನೆಯಲ್ಲಿ ಒಂದು ಉಪಾಯ ಮಾಡಿ. ಸಿಲ್ವರ್ ಓಕ್ ಮರದ ಪಕ್ಕ ಒರಗಿ ನಿಂತು, ಬೆಳಕನ್ನು ಎದುರಿನ ಮರದ ತುದಿಗೆ ತಾಳೆ ಹಾಕಿ ನೋಡಿ. ನಿಜವಾಗಿ ಸರಿಯುತ್ತಿದ್ದರೆ ಅಲ್ಲಿ ಗೊತ್ತಾಗುತ್ತದೆ.

ಪ್ರಶ್ನೆ (ಗೋಣಿಕೊಪ್ಪ): ನೀವೇ ಯಾವತ್ತಾದರೂ ಮೋಸ ಹೋಗಿದ್ದೀರಾ?

ಉತ್ತರ: ಹೋಗಿದ್ದೇನೆ. ದುಬೈನಿಂದ ಬರುತ್ತಿದ್ದೆವು, 35,000 ಅಡಿ, ಬೆಳಗಿನ ಜಾವ. ಎದುರಿಗೆ ಕೆಂಪು, ಹಸಿರು, ಬಿಳಿ ಬೆಳಕು. ನಮ್ಮದೇ ಎತ್ತರ, ನೇರ ನಮ್ಮ ಕಡೆಗೆ! ಹತ್ತಿರದ ವಿಮಾನ ತೋರಿಸುವ ಟಿಕಾಸ್ ಪರದೆ ಖಾಲಿ. ಆದರೆ ಟಿಕಾಸ್ ತೋರಿಸುವುದು ಟ್ರಾನ್ಸ್‌ಪಾಂಡರ್, ಅಂದರೆ ರೇಡಿಯೋದಲ್ಲಿ ಉತ್ತರ ಕೊಡುವ ಯಂತ್ರ, ಇರುವ ವಿಮಾನವನ್ನು ಮಾತ್ರ. ಬಲೂನು, ಹಕ್ಕಿ ಅದಕ್ಕೆ ಕಾಣುವುದಿಲ್ಲ. ಕಂಟ್ರೋಲ್‌ಗೆ ಕೇಳಿದೆವು, ಎದುರಿಗೆ ಯಾರೂ ಇಲ್ಲ ಅಂದರು. ಕಾಕ್‌ಪಿಟ್ ದೀಪ ತಗ್ಗಿಸಿದೆ, ಗಾಜಿನ ಪ್ರತಿಬಿಂಬ ಇರಬಹುದು ಅಂತ. ಆಗಲೂ ಇತ್ತು. ಹತ್ತು ನಿಮಿಷ ಆದಮೇಲೆ ಅದು ಮೇಲೇರಿ ಬೆಳ್ಳಗಾಯಿತು. ಬೆಳ್ಳಿ ಚುಕ್ಕಿ! ನನ್ನ ಅಜ್ಜಿ ದಿನಾ ಅದನ್ನು ನೋಡಿಯೇ ಒಲೆ ಹಚ್ಚುತ್ತಿದ್ದರು. ಇಬ್ಬರು ಪೈಲಟ್‌ಗಳಿಗೆ ಗುರುತು ಸಿಗಲಿಲ್ಲ.

ನಮ್ಮದು ನಗುವಲ್ಲಿ ಮುಗಿಯಿತು. 2011ರ ಜನವರಿಯಲ್ಲಿ ಟೊರಾಂಟೋದಿಂದ ಜ್ಯೂರಿಕ್‌ಗೆ ಹೋಗುತ್ತಿದ್ದ ವಿಮಾನದಲ್ಲಿ, ಆಗ ತಾನೇ ನಿದ್ದೆಯಿಂದ ಎದ್ದ ಕೋ-ಪೈಲಟ್ ಮೊದಲು ಇದೇ ಶುಕ್ರನನ್ನು ವಿಮಾನ ಅಂದುಕೊಂಡ. ಆಮೇಲೆ ಸಾವಿರ ಅಡಿ ಕೆಳಗೆ ಎದುರು ಬರುತ್ತಿದ್ದ ನಿಜವಾದ ವಿಮಾನ ಕಂಡಾಗ, ಅದು ಮೇಲಿನಿಂದ ತಮ್ಮ ಕಡೆಗೇ ಇಳಿಯುತ್ತಿದೆ ಅಂದುಕೊಂಡು ಮೂತಿ ಕೆಳಗೆ ಒತ್ತಿಬಿಟ್ಟ. 16 ಜನರಿಗೆ ಗಾಯ. ರಾತ್ರಿ ಕಣ್ಣಿಗೆ ಬೆಳಕು ಸಿಗುತ್ತದೆ, ದೂರ ಸಿಗುವುದಿಲ್ಲ. ಒಂದು ಮೈಲಿಯೋ, ಕೋಟಿ ಮೈಲಿಯೋ, ಹೇಳಲು ಆಗುವುದೇ ಇಲ್ಲ.

ಪ್ರಶ್ನೆ (ಸೋಮವಾರಪೇಟೆ, ಮೇಷ್ಟ್ರು): ಹಾಗಾದರೆ ಎಲ್ಲವೂ ಕಣ್ಣಿನ ಭ್ರಮೆ ಅಂತಲಾ? ಅಮೆರಿಕದ ಫೈಟರ್ ಪೈಲಟ್‌ಗಳು ಹೇಳಿದ್ದು? ನಮ್ಮ ಇಂಫಾಲದ್ದು?

ಉತ್ತರ: ಎಲ್ಲವೂ ಅಂತ ನಾನು ಹೇಳುವುದಿಲ್ಲ ಮೇಷ್ಟ್ರೇ. 2004ರ ನವೆಂಬರ್‌ನಲ್ಲಿ ಸ್ಯಾನ್ ಡಿಯಾಗೋ ಹತ್ತಿರದ ಸಮುದ್ರದ ಮೇಲೆ ನೌಕಾಪಡೆಯ ಕಮಾಂಡರ್ ಡೇವಿಡ್ ಫ್ರೇವರ್ ರೆಕ್ಕೆ ಇಲ್ಲದ, ಪೆಪ್ಪರ್‌ಮಿಂಟ್ ಆಕಾರದ ಬಿಳಿ ವಸ್ತು ನೋಡಿದ್ದಾಗಿ ಹೇಳಿದರು. ಅದೂ ಹಗಲಲ್ಲಿ. 2021ರ ಅಮೆರಿಕ ಸರ್ಕಾರದ ವರದಿಯಲ್ಲಿ ಅಂಥ 144 ದೂರುಗಳಿದ್ದವು. ಖಚಿತವಾಗಿ ಗುರುತು ಸಿಕ್ಕಿದ್ದು ಒಂದಕ್ಕೆ, ಗಾಳಿ ಹೋಗುತ್ತಿದ್ದ ದೊಡ್ಡ ಬಲೂನು. ಇಂಫಾಲದಲ್ಲಿ 2023ರ ನವೆಂಬರ್ 19ರಂದು ಏರ್‌ಪೋರ್ಟ್ ಹತ್ತಿರ ಗುರುತಿಲ್ಲದ ಏನೋ ಹಾರುವುದು ಕಂಡಿತು ಅಂತ ವಿಮಾನಗಳನ್ನೇ ತಡೆದು ನಿಲ್ಲಿಸಿದರು, ವಾಯುಪಡೆಯ ರಫೇಲ್ ಫೈಟರ್‌ಗಳು ಹುಡುಕಿದವು, ಏನೂ ಸಿಗಲಿಲ್ಲ. ಗುರುತು ಸಿಗಲಿಲ್ಲ ಅಂದರೆ ಗುರುತು ಸಿಗಲಿಲ್ಲ, ಅಷ್ಟೇ. ಅದರ ಮೇಲೆ ಬೇರೆ ಗ್ರಹದವರನ್ನು ಕೂರಿಸುವುದು ನಮ್ಮ ಕೆಲಸ ಅಲ್ಲ.

ಆದರೆ ತಳ್ಳಿಹಾಕುವುದೂ ತಪ್ಪು. 1987ರ ಮಾತು, ನಾನಾಗ ಹೊಸ ಕೋ-ಪೈಲಟ್. ಬಂಗಾಳ ಕೊಲ್ಲಿಯ ಮೇಲೆ ದೂರದಲ್ಲಿ ಗುಡುಗಿನ ಮೋಡ. ಮಿಂಚಿದ ಕೂಡಲೇ ಮೋಡದ ಮೇಲ್ಗಡೆ ಕೆಂಪಗೆ ಏನೋ ಎದ್ದಿತು, ಬೇರು ಸಮೇತ ಕಿತ್ತ ಗಿಡದ ಹಾಗೆ. ರೆಪ್ಪೆ ಬಡಿಯುವಷ್ಟರಲ್ಲಿ ಇಲ್ಲ. ಕ್ಯಾಪ್ಟನ್‌ಗೆ ಹೇಳಿದೆ. ಅವರು ಕಾಫಿ ಕಪ್ ಕೆಳಗಿಡದೆ, "ನೀನು ಏನೂ ನೋಡಿಲ್ಲ. ಬರೆಯಬೇಡ, ಮೆಡಿಕಲ್‌ಗೆ ಕಳಿಸ್ತಾರೆ" ಅಂದರು. ನಾನೂ ಬರೆಯಲಿಲ್ಲ. 1989ರ ಜುಲೈನಲ್ಲಿ ಮಿನೆಸೋಟ ವಿಶ್ವವಿದ್ಯಾಲಯದವರ ಕ್ಯಾಮೆರಾದಲ್ಲಿ ಅಂಥದ್ದೇ ಆಕಸ್ಮಿಕವಾಗಿ ಸೆರೆಸಿಕ್ಕಿತು. ಸ್ಪ್ರೈಟ್ ಅಂತಾರೆ. ಮಿಂಚಿನ ಜೊತೆ ಮೋಡಕ್ಕಿಂತ ಎಷ್ಟೋ ಮೇಲೆ, 50ರಿಂದ 90 ಕಿ.ಮೀ. ಎತ್ತರದಲ್ಲಿ ಹೊಳೆಯುತ್ತದೆ. ಪೈಲಟ್‌ಗಳು ಎಷ್ಟೋ ವರ್ಷದಿಂದ ಹೇಳುತ್ತಿದ್ದರು, ಕೇಳಿದವರು ಕಡಿಮೆ. ಆ ರಾತ್ರಿ ಟೈಮ್ ಆದರೂ ಗುರುತು ಹಾಕಿಕೊಳ್ಳಬೇಕಿತ್ತು ಅಂತ ಈಗಲೂ ಅನಿಸುತ್ತದೆ.

ಪ್ರಶ್ನೆ (ನಾಪೋಕ್ಲು): ನಮಗೆ ಕಂಡರೆ ಏನು ಬರೆದಿಡಬೇಕು?

ಉತ್ತರ: ಗಡಿಯಾರದ ಟೈಮ್, ದಿಕ್ಕು, ಎತ್ತರ. ಕೈ ಉದ್ದಕ್ಕೆ ಚಾಚಿ ಮುಷ್ಟಿ ಹಿಡಿಯಿರಿ. ಒಂದು ಮುಷ್ಟಿ ಸುಮಾರು ಹತ್ತು ಡಿಗ್ರಿ. "ಬೆಟ್ಟದಿಂದ ಮೂರು ಮುಷ್ಟಿ ಮೇಲೆ" ಅಂತ ಬರೆದರೆ ಸಾಕು, ಯಾವ ಗ್ರಹ, ಯಾವ ಉಪಗ್ರಹ ಅಂತ ಆಮೇಲೆ ಹುಡುಕಬಹುದು. "ತೆಂಗಿನಕಾಯಿ ಗಾತ್ರ, ಅರ್ಧ ಮೈಲಿ ದೂರ" ಅಂತ ಮಾತ್ರ ಬರೆಯಬೇಡಿ.

ಕಕ್ಕಬ್ಬೆಯ ಬೆಳೆಗಾರರು: ಥ್ಯಾಂಕ್ಸ್ ಸಾರ್. ನಿನ್ನೆ ಓಡಿದವರೆಲ್ಲ ಇವತ್ತು ಆರೂವರೆಗೇ ಕಣಕ್ಕೆ ಬಂದು ಮುಷ್ಟಿ ಹಿಡಿದು ನಿಂತಿದ್ದಾರೆ. ಮಂಜು ಬಿದ್ದಿದೆ, ಬೆಟ್ಟವೇ ಕಾಣ್ತಿಲ್ಲ.